ಎರಡು ಬೆರಳು ಬಟ್ಟೆ

ಅಜ್ಜಂಪುರದಲ್ಲಿ ಫ್ರಾನ್ಸ್ ದೇಶದ ಹಾಡುಗಾರ್ತಿಯೊಬ್ಬಳ ಮ್ಯೂಸಿಯಂ ಇದೆ ಎಂದರೆ ಕಡೂರಿನ ನಮ್ಮ ಆಫೀಸಿನಲ್ಲಿ ಯಾರೂ ನಂಬಲಿಲ್ಲ. ‘ಅಜ್ಜಂಪುರದಲ್ಲಾ? ಈರುಳ್ಳಿ ಮೂಟೆ ಪಕ್ಕದಲ್ಲಾ?’ ಎಂದು ಪಕ್ಕದ ಟೇಬಲ್ಲಿನಾಕೆ ಕಿಸಕ್ಕನೆ ನಕ್ಕಳು. ನನಗೆ ರೇಗಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ‘ಇವಳ ಮೂಗಿಗೆ ಮೂಗುತಿ ಸಾಲಲ್ಲ ಕಣ್ರೀ, ಬೀಗ ಹಾಕಿಸ್ಬೇಕು’ ಎಂದು ಅಕ್ಕ ಊರವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು.

ನಾನು ಅಲ್ಲಿಗೆ ಹೊರಟದ್ದು ಹಾಡುಗಾರ್ತಿಗಾಗಿ ಅಲ್ಲ. ಅಲ್ಲೊಂದು ಕಪ್ಪು ಫ್ರಾಕು ಇದೆ. ಅದನ್ನು ಹೊಲಿದವಳು ನನ್ನಕ್ಕ. ತನ್ನದೇ ಅಳತೆಗೆ ಹೊಲಿದಿದ್ದಳು. ಅಕ್ಕ ತೀರಿಕೊಂಡು ಏಳು ತಿಂಗಳಾಗಿತ್ತು, ಅವಳ ಮೈಯ ಅಳತೆ ಹಿಡಿದಿಟ್ಟುಕೊಂಡ ಬಟ್ಟೆ ಎಂದು ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ. ಅದನ್ನು ಕೇಳಿ ತರಬೇಕು, ಕೊಡುವುದಿಲ್ಲ ಎಂದರೆ ಜಗಳವಾಡಿಯಾದರೂ ತರಬೇಕು ಎಂದು ಒಂದು ಭಾನುವಾರ ಬೆಳಿಗ್ಗೆ ಹೊರಟೆ. ಕಡೂರಿನಿಂದ ಬೀರೂರಿಗೆ ಬಸ್ಸು, ಬೀರೂರಿನಿಂದ ಪ್ಯಾಸೆಂಜರ್ ರೈಲು. ಬ್ಯಾಗಿನಲ್ಲಿ ಫ್ರಾಕು ಸುತ್ತಿ ತರಲು ಒಗೆದು ಮಡಿಸಿದ ಒಂದು ಪಂಚೆಯನ್ನೂ ಇಟ್ಟುಕೊಂಡಿದ್ದೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮದುವೆಯಾಗಿ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬೀರೂರಿಗೆ ವಾಪಸ್ಸು ಬಂದಳು. ಸ್ಟೇಷನ್ ರಸ್ತೆಯಲ್ಲಿ ಅರ್ಧ ಷಟರಿನ ಮಳಿಗೆ ಹಿಡಿದು ಹೆಂಗಸರ ಬಟ್ಟೆ ಹೊಲಿಯಲು ಕುಳಿತವಳು ಮೂವತ್ತು ವರ್ಷ ಏಳಲೇ ಇಲ್ಲ. ನನ್ನ ಓದು, ನನ್ನ ಮದುವೆ, ನನ್ನ ಬಾಣಂತನ ಎಲ್ಲ ಆ ಮಿಷನ್ನಿನ ಪೆಡಲಿನಿಂದಲೇ ನಡೆದದ್ದು. ಆಳು ಕುಳ್ಳಿ. ನಾಲ್ಕೂವರೆ ಅಡಿಯ ಮೇಲೆ ಎರಡು ಇಂಚು ಇದ್ದರೆ ಹೆಚ್ಚು. ಕಾಲು ಪೆಡಲಿಗೆ ಎಟುಕಬೇಕಾದರೆ ಸ್ಟೂಲಿನ ತುದಿಗೆ ಜರುಗಿ ಕೂರಬೇಕಿತ್ತು. ಶನಿವಾರ ಸಂಜೆ, ಭಾನುವಾರ ನಾನು ಹೋಗಿ ಹುಕ್ಸು ಹಾಕಿಕೊಡುತ್ತಿದ್ದೆ, ಅಂಚು ಮಡಿಸಿ ಕೈಹೊಲಿಗೆ ಹಾಕುತ್ತಿದ್ದೆ. ಅಷ್ಟಿಷ್ಟು ಮಿಷನ್ನೂ ತುಳಿಯಲು ಕಲಿತೆ.

ಅಕ್ಕನದು ಎರಡು ಕಟ್ಟುನಿಟ್ಟು. ಅಳತೆ ಬ್ಲೌಸು ತಾರದೆ ಯಾರಾದರೂ ಬಂದರೆ, ಅವರು ತಹಶೀಲ್ದಾರರ ಹೆಂಡತಿಯಾಗಿರಲಿ, ವಾಪಸ್ಸು ಕಳಿಸುವಳು. ಟೇಪು ಹಿಡಿದು ಅಳೆದದ್ದು ಬರೀ ಲೆಕ್ಕ, ತೊಟ್ಟು ಹಳತಾದ ಬಟ್ಟೆಗೆ ಮಾತ್ರ ಮೈ ಗೊತ್ತಿರುತ್ತದೆ ಎನ್ನುವುದು ಅವಳ ವಾದ. ಇನ್ನೊಂದು, ಒಳಗೆ ಎರಡು ಬೆರಳು ಬಟ್ಟೆ ಬಿಡುವುದು. ಎರಡೂ ಪಕ್ಕದಲ್ಲಿ, ಹೊಲಿಗೆಯಾಚೆ. ಮೈ ಬಂದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಲು. ಬೇರೆ ಟೈಲರುಗಳೂ ಬಿಡುತ್ತಾರೆ, ಆದರೆ ಬಟ್ಟೆ ಕಡಿಮೆ ಬಿದ್ದರೆ ಮೊದಲು ಕಳ್ಳತನ ಮಾಡುವುದು ಅಲ್ಲೇ. ಅಕ್ಕ ತೋಳು ಬೇಕಾದರೆ ಗಿಡ್ಡ ಮಾಡುವಳು, ಒಳಗಿನದ್ದನ್ನು ಮುಟ್ಟುತ್ತಿರಲಿಲ್ಲ. ಮದುವೆಗೆ ಬ್ಲೌಸು ಹೊಲಿಸಿಕೊಂಡ ಹುಡುಗಿ ಮಗು ಎತ್ತಿಕೊಂಡು ಬಂದು ‘ಅಕ್ಕಾ, ಮೈಗೆ ಏರಲ್ಲ’ ಎಂದು ನಾಚಿಕೊಂಡಾಗ ಅಕ್ಕನಿಗೆ ಎಲ್ಲಿಲ್ಲದ ಖುಷಿ. ಹೊಲಿಗೆಯನ್ನು ಪರ್ರನೆ ಬಿಚ್ಚಿ ಒಳಗಿನ ಬಣ್ಣ ತೋರಿಸುವಳು. ಹೊರಗಿನದ್ದು ಮಾಸಿದ್ದರೂ ಒಳಗೆ ಮಡಿಸಿದ್ದ ಬಟ್ಟೆ ಅಂಗಡಿಯಿಂದ ಈಗ ತಂದ ಹಾಗಿರುತ್ತಿತ್ತು.

‘ಹೆಂಗಸಿನ ಮೈ ಕಣೇ. ಇವತ್ತಿದ್ದಂಗೆ ನಾಳೆ ಇರಲ್ಲ. ಬಟ್ಟೆ ಕಾಯ್ಬೇಕು’ ಎನ್ನುವಳು.

ಏಳೆಂಟು ವರ್ಷದ ಹಿಂದಿನ ಮಾತು. ಒಂದು ಶನಿವಾರ ನಾನು ಹುಕ್ಸು ಹಾಕುತ್ತ ಕುಳಿತಿದ್ದಾಗ ವಯಸ್ಸಾದ ಗಂಡಸೊಬ್ಬರು ಮಳಿಗೆಯ ಮೆಟ್ಟಿಲ ಬಳಿ ಬಂದು ನಿಂತರು. ಬಿಳಿ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ಅಜ್ಜಂಪುರದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದೆ, ಈಗ ಮುಚ್ಚಿದ್ದೇನೆ ಎಂದು ಪರಿಚಯ ಹೇಳಿಕೊಂಡರು. ಚೀಲದಿಂದ ಪೇಪರಿನಲ್ಲಿ ಸುತ್ತಿದ ಹಳೆಯ ಗ್ರಾಮಫೋನ್ ಪ್ಲೇಟಿನ ಕವರು ತೆಗೆದು ಅಕ್ಕನ ಮುಂದಿಟ್ಟರು. ಅದರ ಮೇಲೆ ಪುಟ್ಟ ಆಕಾರದ ಹೆಂಗಸೊಬ್ಬಳು ಕಪ್ಪು ಫ್ರಾಕು ತೊಟ್ಟು ಮೈಕಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು. ಹಾಡುವುದಕ್ಕಿಂತ ಯಾರನ್ನೋ ಬೀದಿಯ ಕೊನೆಯಿಂದ ಕೂಗಿ ಕರೆಯುತ್ತಿರುವಂತೆ ಇದ್ದಳು.

‘ಈ ಥರದ್ದೇ ಒಂದು ಹೊಲ್ಕೊಡ್ಬೇಕಮ್ಮ. ನಮ್ಮೂರಲ್ಲಿ ಕೇಳ್ದೆ, ನಾಟಕದೋರಿಗಾ ಅಂತ ನಗಾಡ್ತಾರೆ. ಬಟ್ಟೆ ತಂದಿದೀನಿ.’

‘ಅಳತೆ ಬಟ್ಟೆ?’ ಅಕ್ಕ ಕೈ ಚಾಚಿದಳು.

‘ಅದಿಲ್ವಲ್ಲಮ್ಮ. ಆಯಮ್ಮ ಫ್ರಾನ್ಸ್ ದೇಶದೋರು. ದೊಡ್ಡ ಹಾಡುಗಾರ್ತಿ.’

‘ಅಳತೆ ಇಲ್ದೆ ನಾನು ಹೊಲಿಯಲ್ಲ ಯಜಮಾನ್ರೇ. ಆಳು ಎಷ್ಟುದ್ದ ಅಂತಾದ್ರೂ ಗೊತ್ತಾ?’

ಅವರು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ‘ನಿಮ್ಮಷ್ಟೇ. ನಿಮ್ಮ ಹಂಗೇ ಸಣ್ಣಕ್ಕಿದ್ರು.’

ಅಕ್ಕನ ಸ್ವಂತ ಅಳತೆ ಬ್ಲೌಸು ಮಿಷನ್ನಿನ ಪಕ್ಕದ ಮೊಳೆಗೇ ನೇತಾಡುತ್ತಿತ್ತು. ಮಾಸಲು ಹಸಿರಿನದು, ಬೆನ್ನು ತೆಳ್ಳಗಾಗಿ ಆಚೆಯ ಬೆಳಕು ಕಾಣುತ್ತಿತ್ತು. ಅದನ್ನು ತೆಗೆದು ಕಪ್ಪು ಬಟ್ಟೆಯ ಮೇಲೆ ಹರಡಿದಳು. ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಆಯಿತು, ಮುಂದಿನ ವಾರ ಬನ್ನಿ ಎಂದಳು.

ಆ ವಾರವೆಲ್ಲ ಅವಳಿಗೆ ಅದೇ ಧ್ಯಾನ. ಫೋಟೊವನ್ನು ಮಿಷನ್ನಿಗೆ ಒರಗಿಸಿಕೊಂಡು ಕೊರಳಿನ ಪಟ್ಟಿ ಮೂರು ಸಲ ಬಿಚ್ಚಿ ಹೊಲಿದಳು. ‘ಇವ್ಳು ಕೈ ಎತ್ತಿ ಎತ್ತಿ ಹಾಡ್ತಾಳೆ, ಕಂಕುಳಲ್ಲಿ ಹಿಡಿಬಾರ್ದು’ ಎಂದು ತೋಳಿಗೆ ಒಂದು ಪಟ್ಟಿ ಹೆಚ್ಚಿಗೆ ಕೊಟ್ಟಳು. ಒಯ್ಯಲು ಬಂದ ಯಜಮಾನರಿಗೆ ಫ್ರಾಕನ್ನು ತಿರುವಿ ಒಳಗಡೆ ತೋರಿಸಿದಳು. ‘ಆಯಮ್ಮಂಗೆ ಹೇಳಿ, ಇಕಾ, ಇಲ್ಲಿ ಎರಡು ಬೆರಳು ಬಟ್ಟೆ ಬಿಟ್ಟಿದೀನಿ. ಮೈ ಬಂದ್ರೆ ಬಿಚ್ಕಬೋದು. ಹೊಸಾದು ಹೊಲಿಸೋದು ಬ್ಯಾಡ.’

ಅವರು ಆ ಮಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ, ‘ಆಯಮ್ಮ ತೀರ್ಕಂಡು ಬಾಳ ವರ್ಷ ಆಯ್ತು ಕಣಮ್ಮ. ನಾನು ರೇಡಿಯೊದಲ್ಲಿ ಮೊದ್ಲು ಕೇಳೋ ಹೊತ್ತಿಗೇ ಹೋಗ್ಬಿಟ್ಟಿದ್ರು. ಇದು ಮನೇಲಿ ಇಡಕ್ಕೆ. ಅವ್ರದ್ದು ಒಂದು ಮ್ಯೂಸಿಯಂ ಮಾಡ್ತಿದೀನಿ’ ಎಂದರು.

ಅಕ್ಕ ಹಾಗೇ ನಿಂತುಬಿಟ್ಟಳು. ನಮ್ಮಲ್ಲಿ ಸತ್ತವರಿಗೆ ಬಟ್ಟೆ ಹೊದಿಸುತ್ತಾರೆ, ಹೊಲಿಯುವುದಿಲ್ಲ. ಹೊಲಿಸುತ್ತಾರೆಂದರೆ ಬದುಕಿರುವವರಿಗೇ ಇರಬೇಕು ಎಂದುಕೊಂಡಿದ್ದಳೇ ಹೊರತು, ಆಕೆ ಇದ್ದಾಳೆಯೇ ಎಂದು ಕೇಳಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಯಜಮಾನರು ಹೋದ ಮೇಲೆ ಪಕ್ಕದ ಹೂವಿನ ಅಂಗಡಿಯಾಕೆ ಕೆನ್ನೆ ಕೆನ್ನೆ ಬಡಿದುಕೊಂಡಳು. ‘ಸತ್ತೋಳಿಗೆ ನಿನ್ನ ಅಳತೆ ಕೊಟ್ಯಲ್ಲವ್ವಾ!’ ಅಕ್ಕ ಒಂದು ಗಳಿಗೆ ಪೆಚ್ಚಾದಳು, ಮರುಗಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಅಳತೆ ನನ್ದು ಅವ್ಳಿಗೆ ಹೋದ್ರೆ ಹೋಗ್ಲಿ, ಅವ್ಳ ಗಂಟಲು ನಂಗೆ ಬರ್ತದಾ ಕೇಳು.’ ತಿಂಗಳುಗಟ್ಟಲೆ ನಾನು ಅವಳನ್ನು ‘ಫ್ರಾನ್ಸ್ ಟೈಲರ್’ ಎಂದು ಕರೆದೆ. ಯಜಮಾನರು ‘ಒಂದು ಭಾನುವಾರ ಬನ್ನಿ, ತೊಡಿಸಿ ನಿಲ್ಸಿರ್ತೀನಿ’ ಎಂದು ಹೇಳಿಹೋಗಿದ್ದರು. ಭಾನುವಾರವೇ ಅಕ್ಕನಿಗೆ ಗಿರಾಕಿ ಹೆಚ್ಚು. ಹೋಗೋಣ ಹೋಗೋಣ ಎಂದುಕೊಂಡದ್ದೇ ಬಂತು.

ಹೋದ ವರ್ಷ ಅವಳಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು. ಶಿವಮೊಗ್ಗದಲ್ಲಿ ಚಿಕಿತ್ಸೆ. ನಾನು ರಜೆ ಹಾಕಿ ಬೀರೂರಿನಲ್ಲೇ ಉಳಿದೆ. ಮೂರು ವಾರಕ್ಕೊಮ್ಮೆ ರೈಲಿನಲ್ಲಿ ಹೋಗಿ ಬರುವುದು. ತರೀಕೆರೆ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಅಕ್ಕ ಕಿಟಕಿಗೆ ತಲೆಯಾನಿಸಿ ಪ್ಲಾಟ್‌ಫಾರಮ್ಮಿನ ಹೆಂಗಸರ ಬ್ಲೌಸು ನೋಡುವಳು. ‘ಆ ನೀಲಿ ಸೀರೆಯೋಳ ತೋಳು ನೋಡೇ. ಯಾವ ಪುಣ್ಯಾತ್ಮ ಹೊಲ್ದನೋ, ಕೈ ಎತ್ತಿ ಬಸ್ಸಿನ ಕಂಬಿ ಹಿಡಿದ್ರೆ ಹರ್ದೋಯ್ತದೆ.’ ವಾಂತಿ ಮಾಡಿಕೊಂಡು ಸುಸ್ತಾಗಿದ್ದರೂ ಆ ಬೈಗುಳ ತಪ್ಪುತ್ತಿರಲಿಲ್ಲ.

ಎರಡನೇ ಸಲ ಹೋಗಿಬರುವ ಹೊತ್ತಿಗೆ ಅವಳ ಬ್ಲೌಸು ಭುಜದಿಂದ ಜಾರತೊಡಗಿತು. ಸಡಿಲವಾದದ್ದು ಅವಳಿಗೆ ಆಗದು. ರೋಗವನ್ನು ಬೇಕಾದರೆ ಸಹಿಸಿಯಾಳು, ಕೆಟ್ಟ ಫಿಟ್ಟಿಂಗನ್ನಲ್ಲ. ಪೆಡಲು ತುಳಿಯಲು ಅವಳ ಕಾಲಿನಲ್ಲಿ ಕಸುವಿರಲಿಲ್ಲ. ‘ನೀನೇ ಬಿಗಿ ಮಾಡ್ಕೊಡೇ. ಒಳಗಿಂದು ಕತ್ತರಿಸ್ಬ್ಯಾಡ, ಗೊತ್ತಾಯ್ತಾ? ಇದು ಮುಗಿದ್ಮೇಲೆ ಮೈ ಬತ್ತದೆ.’ ನಾನು ಒಂದು ಬೆರಳು ಒಳಗೆ ಹೊಲಿಗೆ ಹಾಕಿಕೊಟ್ಟೆ. ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಬೆರಳು. ಅವಳು ಮೊದಲೇ ಬಿಟ್ಟಿದ್ದ ಎರಡು, ನಾನು ಒಳಗೆ ತೆಗೆದುಕೊಂಡ ಎರಡು, ಒಟ್ಟು ನಾಲ್ಕು ಬೆರಳು ಬಟ್ಟೆ ಎರಡೂ ಪಕ್ಕದಲ್ಲಿ ಮಡಚಿ ಕುಳಿತಿತ್ತು.

ಇನ್ನು ಹೇಳಬೇಕಾದದ್ದನ್ನು ನಾನು ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಹೇಳಿಲ್ಲ.

ಆ ಬಟ್ಟೆ ಕಂಕುಳಿಗೆ ಒತ್ತುತ್ತದೆ ಎಂದು ಅಕ್ಕ ಎರಡು ಸಲ ಅಂದಿದ್ದಳು, ನಿಜ. ಅವಳ ಚರ್ಮ ಮುಟ್ಟಿದರೆ ಕಂದುವಷ್ಟು ತೆಳ್ಳಗಾಗಿತ್ತು, ಅದೂ ನಿಜ. ಆದರೆ ನಾನು ಕತ್ತರಿ ಎತ್ತಿಕೊಂಡದ್ದು ಅದಕ್ಕಲ್ಲ. ಹಿಂದಿನ ದಿನ ಶಿವಮೊಗ್ಗದಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಇನ್ನು ಕರೆತರುವುದು ಬೇಡ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದಿದ್ದರು. ನಾನು ಅಕ್ಕನಿಗೆ ಒಂದಕ್ಷರ ಹೇಳಿರಲಿಲ್ಲ. ‘ರಕ್ತ ಕಮ್ಮಿ ಇದೆಯಂತೆ, ಒಂದು ತಿಂಗಳು ಬಿಟ್ಟು ಬರಬೇಕಂತೆ’ ಎಂದು ರೈಲಿನಲ್ಲಿ ಸುಳ್ಳು ಹೇಳಿದ್ದೆ. ಹೇಳುವಾಗ ಮುಖ ಗಟ್ಟಿಯಾಗಿಟ್ಟುಕೊಂಡಿದ್ದೆ ಎಂದು ಒಳಗೊಳಗೇ ಬೀಗಿದ್ದೂ ಉಂಟು. ಮರುದಿನ ಮಧ್ಯಾಹ್ನ ಬ್ಲೌಸು ಕೈಗೆ ಬಂದಾಗ, ಆ ನಾಲ್ಕು ಬೆರಳು ಬಟ್ಟೆ ನೋಡಿ ನನಗೆ ತಡೆಯಲಾರದ ಸಿಟ್ಟು ಬಂತು. ಯಾರ ಮೇಲೆಂದು ಈಗಲೂ ಗೊತ್ತಿಲ್ಲ. ಯಾತಕ್ಕೆ ಇದು, ಯಾವ ಮೈ ಬರುತ್ತದೆ ಇನ್ನು ಎಂದುಕೊಂಡು ಕತ್ತರಿ ಹಾಕಿದೆ. ಎರಡೂ ಪಕ್ಕ. ಆಮೇಲೆ ಅಂಚನ್ನು ಒಪ್ಪವಾಗಿ ಕಟ್ಟಿದೆ, ನೂಲು ಬಿಡದ ಹಾಗೆ.

ಅಕ್ಕನಿಗೆ ಬ್ಲೌಸು ಕೊಟ್ಟೆ. ಟೈಲರುಗಳು ಬಟ್ಟೆಯನ್ನು ಹೊರಗಡೆಯಿಂದ ನೋಡುವುದಿಲ್ಲ. ಮೊದಲು ತಿರುವುತ್ತಾರೆ. ನನಗೆ ಅದು ಗೊತ್ತಿತ್ತು, ಮೂವತ್ತು ವರ್ಷ ಕಣ್ಣಾರೆ ನೋಡಿದ್ದೆ, ಆದರೂ ಆ ಗಳಿಗೆಯಲ್ಲಿ ಮರೆತಿದ್ದೆ. ಅವಳು ಮಲಗಿದ್ದಲ್ಲೇ ಬ್ಲೌಸನ್ನು ತಿರುವಿದಳು. ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿದಳು, ಕಂಕುಳಿನಿಂದ ಸೊಂಟದವರೆಗೆ. ಇನ್ನೊಂದು ಪಕ್ಕಕ್ಕೆ ತಿರುಗಿಸಿ ಅಲ್ಲೂ ಆಡಿಸಿದಳು.

‘ಅಂಚು ಚೆನ್ನಾಗಿ ಕಟ್ಟಿದೀಯ ಕಣೇ. ಒಂದು ನೂಲೂ ಬಿಟ್ಟಿಲ್ಲ’ ಎಂದಳು.

ಅಷ್ಟೇ. ಅದನ್ನು ತೊಟ್ಟುಕೊಂಡಳು. ನಾನು ಹುಕ್ಸು ಹಾಕಿದೆ. ಮತ್ತೆ ಯಾವ ಬ್ಲೌಸನ್ನೂ ಬಿಗಿ ಮಾಡಿಕೊಡು ಎಂದು ಅವಳು ಕೇಳಲಿಲ್ಲ. ಮುಂದಿನ ತಿಂಗಳು ಶಿವಮೊಗ್ಗಕ್ಕೆ ಯಾವಾಗ ಎಂದೂ ಕೇಳಲಿಲ್ಲ. ಹೊಲಿಯಲು ಕೊಟ್ಟು ಹೋಗಿದ್ದವರ ಬಟ್ಟೆಗಳನ್ನು ಒಂದೊಂದಾಗಿ ಚೀಟಿ ಬರೆಸಿ ವಾಪಸ್ಸು ಕಳಿಸಿದಳು. ಇಪ್ಪತ್ತಮೂರು ದಿನಕ್ಕೆ ಹೋದಳು.

ಹನ್ನೊಂದನೇ ದಿನದ ಕರ್ಮದ ಹೊತ್ತಿಗೆ ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದು ಎಂದರು ಹಿರಿಯರು. ನಾನೇ ಮುಂದೆ ನಿಂತು ಒಂದು ಚೂರೂ ಬಿಡದೆ ಕಟ್ಟಿಕೊಟ್ಟೆ. ಆ ಕತ್ತರಿಸಿದ ಬ್ಲೌಸು ಕಣ್ಣ ಮುಂದಿನಿಂದ ಹೋದರೆ ಸಾಕಾಗಿತ್ತು. ಆ ಅವಸರದಲ್ಲಿ ಮಳಿಗೆಗೂ ಹೋಗಿ ಮೊಳೆಗೆ ನೇತಾಡುತ್ತಿದ್ದ ಹಸಿರು ಅಳತೆ ಬ್ಲೌಸನ್ನೂ ಗಂಟಿಗೆ ಹಾಕಿದೆ. ಆಮೇಲೆ ಮಳಿಗೆ ಖಾಲಿ ಮಾಡಲು ಹೋದಾಗ ಬರೀ ಮೊಳೆ ಕಂಡಿತು. ಗಂಟು ಒಯ್ದವರನ್ನು ಹುಡುಕಿಕೊಂಡು ಹೋದೆ, ಅವರು ಎಲ್ಲವನ್ನೂ ಹರಿದು ಒರೆಸಲು ಹಾಕಿದ್ದರು. ಆಗಲೇ ಅಜ್ಜಂಪುರದ ಫ್ರಾಕು ನೆನಪಾದದ್ದು. ಅದರಲ್ಲಿ ಅಕ್ಕ ಗಟ್ಟಿಯಾಗಿದ್ದ ಕಾಲದ ಅಳತೆ ಇದೆ. ನನ್ನ ಕತ್ತರಿ ಮುಟ್ಟದ್ದು.

ಅಕ್ಕನ ಲೆಕ್ಕದ ಪುಸ್ತಕದಲ್ಲಿದ್ದ ಯಜಮಾನರ ನಂಬರಿಗೆ ಫೋನು ಮಾಡಿದಾಗ ನಾನು ಯಾರೆಂದು ಹೇಳಲಿಲ್ಲ. ಕಡೂರಿನಿಂದ, ನೋಡಲು ಬರುತ್ತೇನೆ ಎಂದಷ್ಟೇ ಹೇಳಿದೆ. ಮನೆ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ಹಳೆಯ ರೇಡಿಯೊ ಅಂಗಡಿಯೇ ಮ್ಯೂಸಿಯಂ ಆಗಿತ್ತು, ಹಲಗೆ ಬಾಗಿಲುಗಳಿಗೆ ಹಸಿರು ಬಣ್ಣ ಬಳಿದಿದ್ದರು. ಯಜಮಾನರು ಮೊದಲಿಗಿಂತ ಕುಗ್ಗಿದ್ದರು. ನನ್ನ ಗುರುತು ಹತ್ತಲಿಲ್ಲ. ‘ಚಪ್ಪಲಿ ಆಚೆ ಬಿಡಿ ತಾಯಿ’ ಎಂದು ಒಳಗೆ ಕರೆದರು.

ಒಂದೇ ಕೋಣೆ. ಗೋಡೆಯ ತುಂಬ ಪ್ಲೇಟಿನ ಕವರುಗಳು. ಮೂಲೆಯಲ್ಲಿ ಒಂದು ದೊಡ್ಡ ವಾಲ್ವ್ ರೇಡಿಯೊ. ಹುಡುಗನಾಗಿದ್ದಾಗ ಯಾರದೋ ರೇಡಿಯೊ ರಿಪೇರಿ ಮಾಡಿ, ಸರಿಯಾಯಿತೇ ಎಂದು ಮುಳ್ಳು ತಿರುಗಿಸುವಾಗ ಅವರಿಗೆ ಈ ದನಿ ಸಿಕ್ಕಿತಂತೆ. ಎಲ್ಲಿಂದ, ಯಾವ ಭಾಷೆ, ಏನೂ ಗೊತ್ತಿಲ್ಲ. ಹೆಸರು ತಿಳಿಯಲು ನಾಲ್ಕು ವರ್ಷ ಹಿಡಿಯಿತಂತೆ. ಮೇಜಿನ ಮೇಲೆ ಉದ್ದನೆಯ ನೋಟುಪುಸ್ತಕಗಳಿದ್ದವು. ಹಾಡುಗಳನ್ನು ಕಿವಿಗೆ ಕೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದರು. ಪುಟಗಟ್ಟಲೆ, ದುಂಡಗಿನ ಅಕ್ಷರ, ಒಂದು ಶಬ್ದಕ್ಕೂ ಅರ್ಥವಿಲ್ಲ.

‘ಅರ್ಥ ಯಾರನ್ನಾದ್ರೂ ಕೇಳ್ಬೋದಿತ್ತಲ್ಲ?’ ಎಂದೆ. ನನ್ನ ದನಿ ಒರಟಾಗಿತ್ತು.

‘ಕೇಳ್ದೆ ಒಬ್ರನ್ನ. ಹೇಳಿದ್ರು. ನಾನು ಅಂದ್ಕಂಡಿದ್ದೇ ಚೆನ್ನಾಗಿತ್ತು’ ಎಂದು ನಕ್ಕರು.

ಚಾಪೆಯ ಮೇಲೆ ಕೂರಿಸಿ, ಲೋಟದಲ್ಲಿ ಕಾಫಿ ಕೊಟ್ಟು, ಒಂದು ಪ್ಲೇಟು ಹಾಕಿದರು. ಬಂದವರಿಗೆ ಒಂದೇ ಹಾಡು ಕೇಳಿಸುವುದು ಅವರ ಪದ್ಧತಿ. ದನಿ ಕೋಣೆಗೆ ಹಿಡಿಸದಷ್ಟು ದೊಡ್ಡದು. ಬೈಯುತ್ತಿದ್ದಾಳೋ ಬೇಡುತ್ತಿದ್ದಾಳೋ ತಿಳಿಯಲಿಲ್ಲ. ಅಷ್ಟು ಪುಟ್ಟ ಮೈಯಲ್ಲಿ ಅದು ಎಲ್ಲಿ ಇತ್ತು ಎಂದುಕೊಳ್ಳುವಾಗ, ಸ್ಟೂಲಿನ ತುದಿಗೆ ಜರುಗಿ ಕೂತು ರೈಲಿನ ಸದ್ದಿನ ಮೇಲೆ ನನ್ನನ್ನು ಕೂಗುತ್ತಿದ್ದ ಅಕ್ಕ ಎದುರಿಗೆ ಬಂದಳು. ನಾನು ಕಾಫಿಯನ್ನು ಗಟಗಟ ಕುಡಿದು ಎದ್ದೆ.

ಫ್ರಾಕು ಒಳಮೂಲೆಯಲ್ಲಿ, ಗಾಜಿನ ಬಾಗಿಲಿನ ಬೀರುವಿನಲ್ಲಿತ್ತು. ಬಾಗಿಲು ಮುಚ್ಚಿದ ಯಾವುದೋ ಸೀರೆ ಅಂಗಡಿಯ ಬೊಂಬೆಗೆ ತೊಡಿಸಿದ್ದರು. ಗಿರಾಕಿಗಳಿಗೆ ಕೈಮುಗಿಯುವ ಬೊಂಬೆ. ಫ್ರಾನ್ಸ್ ದೇಶದ ಹಾಡುಗಾರ್ತಿ ನನಗೆ ನಮಸ್ಕಾರ ಹೇಳುತ್ತ ನಿಂತಿದ್ದಳು. ಕೆಳಗೊಂದು ಚೀಟಿ. ಹೊಲಿದವಳ ಸುದ್ದಿ ಎತ್ತದೆ ಪ್ಯಾರಿಸ್ಸು ಗೀರಿಸ್ಸು ಎಂದು ಬರೆದಿರುತ್ತಾರೆ, ಹಿಡಿದು ಜಾಡಿಸಬೇಕು ಎಂದುಕೊಂಡೇ ಬಗ್ಗಿದೆ. ‘ಉಡುಪಿನ ನಮೂನೆ. ಹೊಲಿದದ್ದು ಬೀರೂರಿನಲ್ಲಿ’ ಎಂದಿತ್ತು. ಜಗಳಕ್ಕೆ ಅಲ್ಲಿ ಏನೂ ಸಿಗಲಿಲ್ಲ.

ಆಗ ಪಿನ್ನುಗಳು ಕಂಡವು. ಬೊಂಬೆ ಕಡ್ಡಿಯ ಹಾಗೆ ಸಣ್ಣ. ಫ್ರಾಕು ಅದರ ಮೇಲೆ ನಿಲ್ಲದೆ, ಬೆನ್ನಿನ ಕಡೆ ಬಟ್ಟೆಯನ್ನು ಒಟ್ಟುಗೂಡಿಸಿ ಸಾಲಾಗಿ ಏಳೆಂಟು ಪಿನ್ನು ಚುಚ್ಚಿದ್ದರು. ಚುಚ್ಚಿದ ಕಡೆ ತುಕ್ಕು ಹಿಡಿದು ಬಟ್ಟೆ ಕೆಂಪಾಗಿತ್ತು. ನನ್ನ ಅಕ್ಕ ಮೂರು ಸಲ ಬಿಚ್ಚಿ ಹೊಲಿದ ಬಟ್ಟೆ.

‘ಏನ್ರೀ ಇದು?’ ನನ್ನ ದನಿ ಏರಿತು. ‘ಗೋಣಿಚೀಲಕ್ಕೆ ಚುಚ್ಚಿದಂಗೆ ಚುಚ್ಚಿದೀರಲ್ಲ! ಇದನ್ನ ಹೊಲ್ದೋಳು ನಮ್ಮಕ್ಕ ಕಣ್ರೀ. ಒಂದು ಟೈಲರ್ ಹತ್ರ ತಗಂಡು ಹೋಗಿ ಸರಿ ಮಾಡಿಸಕ್ಕೆ ಆಗ್ಲಿಲ್ವಾ ನಿಮ್ಗೆ?’

ಯಜಮಾನರು ಬೆಚ್ಚಿ ನನ್ನ ಮುಖ ನೋಡಿದರು. ಆಗ ಗುರುತು ಹತ್ತಿತು. ‘ಹುಕ್ಸು ಹಾಕ್ತಾ ಕೂತಿದ್ರಲ್ಲ, ನೀವೇನಾ ತಾಯಿ? ಅಕ್ಕ ಹೆಂಗವ್ರೆ? ಒಂದು ಭಾನ್ವಾರ ಬತ್ತೀನಿ ಅಂದಿದ್ರು.’

ಹೋದಳು ಎಂದೆ. ಹೇಗೆ, ಯಾವಾಗ ಎಂದು ಎರಡು ಮಾತಿನಲ್ಲಿ ಹೇಳಿದೆ. ಅವರು ತಿರುಗುತ್ತಿದ್ದ ಪ್ಲೇಟನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ಆಮೇಲೆ ಬೀರುವಿನ ಬೀಗ ತೆಗೆದು, ಪಿನ್ನು ಒಂದೊಂದಾಗಿ ಬಿಚ್ಚಿ, ಫ್ರಾಕನ್ನು ಬೊಂಬೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ನಾನು ತಿರುವಿದೆ. ಅಕ್ಕ ಮಾಡುತ್ತಿದ್ದ ಹಾಗೇ ಮೊದಲು ತಿರುವಿದೆ. ಹೊಲಿಗೆಯಾಚೆ ಎರಡು ಬೆರಳು ಬಟ್ಟೆ, ಎರಡೂ ಪಕ್ಕ, ಕಪ್ಪನೆ ಹೊಸದಾಗಿ, ಅವಳು ಮಡಿಸಿಟ್ಟಂತೆಯೇ ಇತ್ತು.

‘ಟೈಲರ್ ಹತ್ರ ತಗಂಡು ಹೋಗಿದ್ದೆ ತಾಯಿ’ ಎಂದರು ಯಜಮಾನರು. ತಪ್ಪೊಪ್ಪಿಕೊಳ್ಳುವವರ ಹಾಗೆ ಮೆಲ್ಲಗೆ ಹೇಳಿದರು. ‘ಇಲ್ಲೇ ಒಬ್ಬ ಇದಾನೆ. ಒಳಗೆ ಬಟ್ಟೆ ಬಾಳ ಐತೆ, ಕತ್ತರಿಸಿ ತೆಗೆದ್ರೆ ಬೊಂಬೆ ಮೇಲೆ ಚೆನ್ನಾಗಿ ಕೂರ್ತದೆ ಅಂದ. ಎರಡು ಸಲ ಹೋಗಿ ಎರಡು ಸಲನೂ ವಾಪಸ್ ತಂದೆ. ನಿಮ್ಮಕ್ಕ ಹೇಳಿದ್ರಲ್ಲ, ಮೈ ಬಂದ್ರೆ ಬಿಚ್ಕಬೋದು ಅಂತ. ಸತ್ತೋರಿಗೆ ಮೈ ಬರಲ್ಲ ಅಂತ ನಂಗೂ ಗೊತ್ತು. ಆದ್ರೂ ಕತ್ತರಿ ಹಾಕ್ಸಕ್ಕೆ ಮನಸು ಬರ್ಲಿಲ್ಲ. ಅದಕ್ಕೇ ಪಿನ್ನು ಚುಚ್ಚಿದೆ.’

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಏಳು ತಿಂಗಳಿನಿಂದ ಬಾರದ ಅಳು ಅಲ್ಲಿ, ಗುರುತಿಲ್ಲದವರ ಮನೆಯಲ್ಲಿ, ಸೀರೆ ಅಂಗಡಿಯ ಬೊಂಬೆಯ ಕಾಲ ಬಳಿ ಬಂತು. ಅವರು ಒಳಗೆ ಹೋಗಿ ನೀರು ತಂದಿಟ್ಟು, ಗಡಿಯಾರ ನೋಡುವವರಂತೆ ಗೋಡೆಯ ಕಡೆ ತಿರುಗಿ ನಿಂತರು.

ಅಳು ನಿಂತ ಮೇಲೆ ಸೂಜಿ ದಾರ ಇದೆಯೇ ಎಂದು ಕೇಳಿದೆ. ಬಿಸ್ಕತ್ತಿನ ಡಬ್ಬಿ ತಂದುಕೊಟ್ಟರು. ಮೇಲೆಯೇ ಒಂದು ಕತ್ತರಿ ಇತ್ತು. ಅದನ್ನು ತೆಗೆದು ಅವರ ಕೈಗೆ ವಾಪಸ್ಸು ಕೊಟ್ಟೆ. ಬಟ್ಟೆಯನ್ನು ಬೊಂಬೆಯ ಅಳತೆಗೆ ಒಳಗೆ ಮಡಿಸಿ, ದೊಡ್ಡ ದೊಡ್ಡ ಕೈಹೊಲಿಗೆ ಹಾಕುತ್ತ ಹೋದೆ. ಯಾವಾಗ ಬೇಕಾದರೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥದ್ದು. ಕೊನೆಗೆ ದಾರ ಹರಿಯಲು ಕತ್ತರಿ ಬೇಕಾಯಿತು, ಕೇಳಲಿಲ್ಲ, ಹಲ್ಲಿನಿಂದ ಕಚ್ಚಿದೆ. ಇಬ್ಬರೂ ಸೇರಿ ಫ್ರಾಕನ್ನು ಮತ್ತೆ ಬೊಂಬೆಗೆ ತೊಡಿಸಿದೆವು. ಈಗ ಚೆನ್ನಾಗಿ ಕೂತಿತು.

ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರು ಬಾಗಿಲಿಗೆ ಬಂದರು. ‘ಏನೋ ಕೇಳಕ್ಕೆ ಬಂದಂಗಿತ್ತು ತಾಯಿ. ಏನಾದ್ರೂ ಬೇಕಿತ್ತಾ?’

ಬೇಕು ಎಂದಿದ್ದರೆ ಕೊಟ್ಟುಬಿಡುತ್ತಿದ್ದರು. ಅದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬ್ಯಾಗಿನೊಳಗೆ ಪಂಚೆ ಮಡಿಸಿದ್ದು ಮಡಿಸಿದ ಹಾಗೇ ಇತ್ತು.

‘ಇಲ್ಲ’ ಎಂದೆ. ‘ನೋಡಕ್ಕೆ ಬಂದಿದ್ದೆ.’

ಬೀರೂರಿನ ರೈಲಿಗೆ ಇನ್ನೂ ಒಂದು ಗಂಟೆಯಿತ್ತು. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದೆ. ಯಾವತ್ತೋ ಸತ್ತ, ಎಂದೂ ಕಣ್ಣಾರೆ ಕಾಣದ ಹೆಂಗಸಿಗೆ ಆ ಮುದುಕರು ಎರಡು ಬೆರಳು ಬಟ್ಟೆಯನ್ನು ಕಾಯ್ದಿಟ್ಟಿದ್ದಾರೆ. 

ನನ್ನಕ್ಕ ಇನ್ನೂ ಇಪ್ಪತ್ತಮೂರು ದಿನ ಬದುಕಿದ್ದಳು. ನಾನು ನಾಲ್ಕು ಬೆರಳು ಕತ್ತರಿಸಿದೆ.